ಸಕಲವಾರದಿಂದ ಪೀಣ್ಯದವರೆಗೆ: ಕೈಗೆಟುಕುವ ಆಪ್ತಸಲಹೆಯ ಚರಿತ್ರೆ

ಕುಡಿತದ ಚಟಕ್ಕೂ ಮನಸ್ಸಿಗೆ ಬಿದ್ದ ಪೆಟ್ಟಿಗೂ ಬೆಂಗಳೂರಿನ ಬಡವರಿಗೆ ನೆರವು ಸಿಗತೊಡಗಿದ್ದು ವೈದ್ಯರು ಸಾಲದೆ ಬಂದ ಕಾಲದಲ್ಲಿ. ಮಾಡಬೇಕಾದ ಕೆಲಸ ಬೆಟ್ಟದಷ್ಟಿತ್ತು, ಮಾಡುವವರು ಬೆರಳೆಣಿಕೆಯಷ್ಟಿದ್ದರು. ಹಾಗಾಗಿ ಆ ಕೆಲಸದ ಒಂದೊಂದೇ ಪಾಲು ವೈದ್ಯರಲ್ಲದವರ ಕೈಗೆ ಹೋಯಿತು. ಮೊದಲು ರೋಗಿಯ ಮನೆಯವರು ಬಂದರು, ಆಮೇಲೆ ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರು, ಕುಡಿತ ಬಿಟ್ಟವರು, ಮಹಿಳಾ ಸಂಘಟನೆಗಳು, ತರಬೇತಿ ಪಡೆದ ಸ್ವಯಂಸೇವಕರು. ಆಪ್ತಸಲಹೆ ಅಗ್ಗವಾದದ್ದು ಹೀಗೆ. ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಂಥ ಹೊರವಲಯಗಳಿಗೆ ಅದು ತಡವಾಗಿಯೂ ತುಂಡುತುಂಡಾಗಿಯೂ ಬಂತು. ವಿಚಿತ್ರವೆಂದರೆ, ಅದರ ಮುಖ್ಯ ಪ್ರಯೋಗಗಳಲ್ಲಿ ಒಂದು ನಡೆದದ್ದು ಇದೇ ಹೊರವಲಯದ ಒಂದು ಹಳ್ಳಿಯಲ್ಲಿ.

ಬೆಂಗಳೂರಿನ ಹುಚ್ಚಾಸ್ಪತ್ರೆಯ ಆರಂಭ 1847ರಷ್ಟು ಹಳೆಯದು. 1925ರಲ್ಲಿ ಮೈಸೂರು ಸರ್ಕಾರ ಅದರ ಹೆಸರನ್ನು ಮಾನಸಿಕ ಆಸ್ಪತ್ರೆ ಎಂದು ಬದಲಿಸಿತು. 1930ರ ದಶಕದಲ್ಲಿ, ಡಾ. ಫ್ರಾಂಕ್ ನರೋನಾ ಮೇಲ್ವಿಚಾರಕರಾಗಿದ್ದ ಅವಧಿಯಲ್ಲಿ, ಆಸ್ಪತ್ರೆ ಹೊಸೂರು ರಸ್ತೆಯ ಬದಿಯ ಈಗಿನ ಜಾಗಕ್ಕೆ ಬಂತು. 1954ರಲ್ಲಿ ಅದರ ಜತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು, ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರಾದರು. 1974ರ ಡಿಸೆಂಬರ್‌ನಲ್ಲಿ ಆಸ್ಪತ್ರೆ, ಸಂಸ್ಥೆ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಇಲ್ಲಿಯವರೆಗಿನ ಕತೆಯಲ್ಲಿ ಆಪ್ತಸಲಹೆಗೆ ದೊಡ್ಡ ಜಾಗವಿಲ್ಲ. ದಾಖಲಾದವರಿಗೆ ಹಾಸಿಗೆ, ಔಷಧಿ, ಕಾವಲು. ಮನೆಯವರಿಗೆ ಭೇಟಿಯ ಸಮಯ. ಅಷ್ಟೇ.

ಮನೆಯವರನ್ನು ಒಳಗೆ ಕರೆದದ್ದು ಮೊದಲ ದೊಡ್ಡ ತಿರುವು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾ ಸಾಗರ್ ರೋಗಿಗಳ ಮನೆಯವರಿಗೆ ಆವರಣದಲ್ಲೇ ಡೇರೆ ಹಾಕಿಸಿ ಉಳಿಸಿಕೊಂಡಿದ್ದರು. ಸಾಕಷ್ಟು ಸಿಬ್ಬಂದಿ ಇರಲಿಲ್ಲ ಎಂಬುದು ಅದಕ್ಕೆ ಒಂದು ಕಾರಣ. ಜತೆಗಿದ್ದವರು ಬೇಗ ಕಲಿತರು, ರೋಗಿಗಳು ಬೇಗ ಮನೆಗೆ ಹೋದರು. ಬೆಂಗಳೂರಿನಲ್ಲೂ ಕುಟುಂಬದ ಜತೆ ಉಳಿಯುವ ವಾರ್ಡುಗಳು ಬಂದವು. 1980ರ ಆಸುಪಾಸಿನಲ್ಲಿ ಆರ್.ಎಸ್. ಭಟ್ಟಿ, ಎಸ್.ಎಂ. ಚನ್ನಬಸವಣ್ಣ ಮೊದಲಾದವರು ಈ ವಾರ್ಡುಗಳ ಅನುಭವವನ್ನು ಬರೆದಿಟ್ಟರು. ಹಲವು ಕುಟುಂಬಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ಮಾತಾಡಿಸುವ ಕ್ರಮವೂ ಅದರಲ್ಲಿತ್ತು. ಒಬ್ಬಳು ತಾಯಿ ತನ್ನ ಮಗನ ಬಗ್ಗೆ ಹೇಳಲಾಗದ್ದನ್ನು ಇನ್ನೊಬ್ಬ ತಾಯಿ ಹೇಳಿಬಿಡುತ್ತಿದ್ದಳು. ಪಾಶ್ಚಾತ್ಯ ಪುಸ್ತಕಗಳ ಗುಂಪು ಚಿಕಿತ್ಸೆಯಲ್ಲಿ ಅಪರಿಚಿತರು ಒಬ್ಬೊಬ್ಬರೇ ಬಂದು ಕೂರುತ್ತಾರೆ. ಇಲ್ಲಿ ಅತ್ತೆ, ಅಣ್ಣ, ಹೆಂಡತಿ ಸಮೇತ ಬಂದು ಕೂತರು. ಈ ನೆಲಕ್ಕೆ ಹೊಂದಿದ್ದು ಇದೇ ಎನ್ನಬೇಕು.

ಎರಡನೆಯ ತಿರುವು ಆಸ್ಪತ್ರೆಯ ಗೇಟಿನಾಚೆಗೆ. 1975ರಲ್ಲಿ ಡಾ. ಆರ್.ಎಲ್. ಕಪೂರ್ ನೇತೃತ್ವದಲ್ಲಿ ನಿಮ್ಹಾನ್ಸ್‌ನಲ್ಲಿ ಸಮುದಾಯ ಮನೋವೈದ್ಯಕೀಯ ಘಟಕ ಆರಂಭವಾಯಿತು. ಉಡುಪಿ ಬಳಿಯ ಕೋಟದಲ್ಲಿ ಮಾರಿಸ್ ಕಾರ್‌ಸ್ಟೇರ್ಸ್ ಅವರೊಡನೆ ಹಳ್ಳಿಯ ಜನರ ಮನಸ್ಸಿನ ಅಧ್ಯಯನ ಮಾಡಿದ್ದ ಕಪೂರ್ ಅವರಿಗೆ ಒಂದು ವಿಷಯ ಖಚಿತವಿತ್ತು: ಮಾನಸಿಕ ತೊಂದರೆ ಹಳ್ಳಿಯಲ್ಲಿ ಬೇಕಾದಷ್ಟಿದೆ, ವೈದ್ಯರು ಮಾತ್ರ ಅಲ್ಲಿಗೆ ಹೋಗುವುದಿಲ್ಲ. ಬನ್ನೇರುಘಟ್ಟದ ಕಡೆಯ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರ ತೆರೆದದ್ದು ಈ ನಂಬಿಕೆಯ ಮೇಲೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಮನೆಮನೆಗೆ ಹೋಗುವ ಕಿರಿಯ ಆರೋಗ್ಯ ಸಹಾಯಕಿಯರಿಗೆ, ಶಾಲಾ ಮಾಸ್ತರರಿಗೆ ಅಲ್ಲಿ ತರಬೇತಿ ಕೊಡಲಾಯಿತು. ಆರ್. ಶ್ರೀನಿವಾಸ ಮೂರ್ತಿ, ಮೋಹನ್ ಐಸಾಕ್, ಸಿ.ಆರ್. ಚಂದ್ರಶೇಖರ್ ಮೊದಲಾದವರು ಈ ಕೆಲಸವನ್ನು ಬೆಳೆಸಿದರು. ಯಾವ ಲಕ್ಷಣ ಕಂಡರೆ ಏನು ಕೇಳಬೇಕು, ಯಾವಾಗ ದೊಡ್ಡ ಆಸ್ಪತ್ರೆಗೆ ಕಳಿಸಬೇಕು ಎಂಬುದನ್ನು ಸರಳ ಕೈಪಿಡಿಗಳಾಗಿ ಇಳಿಸಿದರು. ಸಕಲವಾರದಲ್ಲಿ ಕಲಿತದ್ದು 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ದೊಡ್ಡ ಪ್ರಮಾಣದಲ್ಲಿ ಪರೀಕ್ಷೆಗೆ ಒಳಗಾಯಿತು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿದಾಗ ಬಳ್ಳಾರಿಯೇ ಅದಕ್ಕೆ ಮಾದರಿಯಾಗಿತ್ತು.

ಸಕಲವಾರವಿರುವ ಆನೇಕಲ್ ಕಡೆಯ ಹಳ್ಳಿಗಳು ಇದೇ ವರ್ಷಗಳಲ್ಲಿ ಬೇರೊಂದು ರೀತಿಯಲ್ಲೂ ಬದಲಾಗುತ್ತಿದ್ದವು. 1978ರಲ್ಲಿ ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮವಾದ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗ ಅವರ ಕನಸಿನಂತೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ತಲೆಯೆತ್ತಿತು. ಬೊಮ್ಮಸಂದ್ರ, ಜಿಗಣಿಗಳಲ್ಲಿ ಕಾರ್ಖಾನೆಗಳು ಬಂದವು. ನಗರದ ಇನ್ನೊಂದು ತುದಿಯಲ್ಲಿ ಪೀಣ್ಯ ಆ ವೇಳೆಗಾಗಲೇ ಲೇತು, ಪ್ರೆಸ್ಸು, ಫೌಂಡ್ರಿಗಳ ಸದ್ದಿನಿಂದ ತುಂಬಿತ್ತು. ಅಲ್ಲಿಯ ಉದ್ಯಮಿಗಳ ಸಂಘ ಹುಟ್ಟಿದ್ದೂ 1978ರಲ್ಲೇ. 1882ರಲ್ಲಿ ಮೈಸೂರು ಅರಸರು ಆಂಗ್ಲೋ ಇಂಡಿಯನ್ನರಿಗೆ ಕೊಟ್ಟ ಜಮೀನಿನಲ್ಲಿ ಹುಟ್ಟಿದ ವೈಟ್‌ಫೀಲ್ಡ್ ಮಾತ್ರ 1990ರ ದಶಕದವರೆಗೂ ತೋಟದ ಊರಾಗಿಯೇ ಇತ್ತು. ಎಚ್‌ಎಎಲ್, ಬಿಇಎಲ್, ಎಚ್‌ಎಂಟಿಗಳಂಥ ಸಾರ್ವಜನಿಕ ಉದ್ದಿಮೆಗಳ ನೌಕರರಿಗೆ ಟೌನ್‌ಶಿಪ್ಪು, ಆಸ್ಪತ್ರೆ, ಯೂನಿಯನ್ನು ಇದ್ದವು. 500 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಕಲ್ಯಾಣಾಧಿಕಾರಿ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆ ಹೇಳುತ್ತಿತ್ತು. ಪೀಣ್ಯದ ಸಣ್ಣ ಶೆಡ್ಡಿಗೆ ಇದು ಅನ್ವಯಿಸುತ್ತಲೇ ಇರಲಿಲ್ಲ. ಹತ್ತು ಹದಿನೈದು ಜನ ದುಡಿಯುವಲ್ಲಿ ಕುಡಿದು ಬಂದವನಿಗೆ ಇದ್ದ ದಾರಿ ಎರಡೇ, ಮಾಲೀಕನ ಬೈಗುಳ ಇಲ್ಲವೇ ಲೆಕ್ಕ ಚುಕ್ತಾ.

ಕುಡಿತಕ್ಕೆ ಮಾತ್ರ ಅಭಾವವಿರಲಿಲ್ಲ. ಪಾಳಿ ಮುಗಿಸಿ ಹೊರಟವನಿಗೆ ಬಸ್‌ಸ್ಟಾಪಿಗಿಂತ ಹತ್ತಿರದಲ್ಲಿ ಸಾರಾಯಿ ಅಂಗಡಿ ಇರುತ್ತಿತ್ತು. ಪ್ಯಾಕೆಟ್ಟಿನ ಮೂಲೆ ಹಲ್ಲಿನಿಂದ ಕಚ್ಚಿ ನಿಂತಲ್ಲೇ ಹೀರಿ, ಉಪ್ಪಿನಕಾಯಿ ನೆಕ್ಕಿ ನಡೆದುಬಿಡಬಹುದಿತ್ತು. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಳ್ಳಬಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಆನೇಕಲ್, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿ ಸೀಮೆಯಲ್ಲಿ ಮೆಥನಾಲ್ ಬೆರೆತ ಕಳ್ಳಬಟ್ಟಿಗೆ 150ಕ್ಕೂ ಹೆಚ್ಚು ಮಂದಿ ಬಲಿಯಾದರು. ಅಗ್ಗದ ಅಮಲನ್ನು ಮುಚ್ಚಿದ ಸರ್ಕಾರ ಅಮಲು ಬಿಡಿಸುವ ವ್ಯವಸ್ಥೆಯನ್ನು ಅದೇ ವೇಗದಲ್ಲಿ ತೆರೆದಿರಲಿಲ್ಲ. ಸತ್ತವರಲ್ಲಿ ಬಹುಪಾಲು ಕೂಲಿಕಾರರು.

1981 ಬೆಂಗಳೂರಿಗೆ ಇನ್ನೊಂದು ದುರಂತದ ವರ್ಷವೂ ಹೌದು. ಫೆಬ್ರವರಿ 7ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು ತೊಂಬತ್ತಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮಕ್ಕಳೇ ಬಹಳ. ಸತ್ತವರ ಬಂಧುಗಳ ದುಃಖ ಹೇಗೆ ಬೆಳೆಯಿತು, ಹೇಗೆ ಇಳಿಯಿತು ಎಂಬುದನ್ನು ಎಚ್.ಎಸ್. ನಾರಾಯಣನ್ ಮತ್ತು ಸಂಗಡಿಗರು ಅಧ್ಯಯನ ಮಾಡಿ 1987ರಲ್ಲಿ ಪ್ರಕಟಿಸಿದರು. ವಿಪತ್ತಿನ ಮಾನಸಿಕ ಆಘಾತದ ಬಗ್ಗೆ ಭಾರತದಲ್ಲಿ ನಡೆದ ಮೊದಮೊದಲ ಅಧ್ಯಯನಗಳಲ್ಲಿ ಇದೂ ಒಂದು. ಭೋಪಾಲದ ಅನಿಲ ದುರಂತ, ಒಡಿಶಾದ ಚಂಡಮಾರುತಗಳ ಸಂತ್ರಸ್ತರ ನಡುವೆ ಮುಂದೆ ನಿಮ್ಹಾನ್ಸ್ ತಜ್ಞರು ಕೆಲಸ ಮಾಡಿದರು. ಊರಿನ ಸ್ವಯಂಸೇವಕರಿಗೇ ತರಬೇತಿ ಕೊಟ್ಟು, ಅವರಿಂದ ಮನೆಮನೆಯಲ್ಲಿ ಮಾತಾಡಿಸುವ ಕ್ರಮ ಅಲ್ಲಿ ಗಟ್ಟಿಯಾಯಿತು.

ಕುಡಿತದ ವಿಷಯಕ್ಕೆ ಮರಳಿದರೆ, ಆಸ್ಪತ್ರೆಗಳಿಗಿಂತ ಎಷ್ಟೋ ಮೊದಲು ಅದನ್ನು ಬಿಡಿಸುತ್ತಿದ್ದದ್ದು ಆಣೆ, ಹರಕೆ, ಮಾಲೆಗಳು. ಇಂದಿಗೂ ಕಾರ್ತೀಕ ಬಂತೆಂದರೆ ಕಾರ್ಮಿಕ ಬಡಾವಣೆಗಳಲ್ಲಿ ಎಷ್ಟೋ ಮಂದಿ ಅಯ್ಯಪ್ಪನ ಮಾಲೆ ಹಾಕಿ ಮಂಡಲವಿಡೀ ಹನಿ ಮುಟ್ಟದೆ ಇರುತ್ತಾರೆ. ಜತೆಗಾರರು, ಗುರುಸ್ವಾಮಿ, ಬೆಳಗ್ಗೆ ಸಂಜೆ ಭಜನೆ, ಎಲ್ಲರೂ ಒಬ್ಬರನ್ನೊಬ್ಬರು ‘ಸ್ವಾಮಿ’ ಎಂದು ಕರೆಯುವ ಶಿಸ್ತು ಸೇರಿ ಅದೂ ಒಂದು ಬಗೆಯ ಗುಂಪು ಚಿಕಿತ್ಸೆಯೇ. ಮಾಲೆ ಬಿಚ್ಚಿದ ಮರುದಿನಕ್ಕೆ ಅಲ್ಲಿ ವ್ಯವಸ್ಥೆಯಿಲ್ಲ ಎಂಬುದೊಂದೇ ಕೊರತೆ. ಉತ್ತರ ಕರ್ನಾಟಕದಲ್ಲಿ ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟು, ದವಸಧಾನ್ಯದ ಬದಲು ಜನರ ದುಶ್ಚಟಗಳನ್ನು ಭಿಕ್ಷೆ ಬೇಡಿದರು. ಅದು ಮಹಾಂತ ಜೋಳಿಗೆ ಎಂದೇ ಹೆಸರಾಯಿತು. ಅವರು ಹುಟ್ಟಿದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ.

ಮಾಲೆ ಬಿಚ್ಚಿದ ಮರುದಿನದ ಪ್ರಶ್ನೆಗೆ ಉತ್ತರ ಹುಡುಕಿದ್ದು ಆಲ್ಕೊಹಾಲಿಕ್ಸ್ ಅನಾನಿಮಸ್ (ಎಎ). 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಇಬ್ಬರು ಕುಡುಕರು, ಒಬ್ಬ ಷೇರುಪೇಟೆಯವನು, ಒಬ್ಬ ವೈದ್ಯ, ಪರಸ್ಪರ ಮಾತಾಡಿಯೇ ಕುಡಿತದಿಂದ ದೂರ ಉಳಿದದ್ದು ಇದರ ಮೂಲ. 1957ರಲ್ಲಿ ಭಾರತಕ್ಕೆ ಬಂದ ಎಎ ಮುಂಬೈನ ಬೈಕುಲಾದಲ್ಲಿ ನೆಲೆಯೂರಿ ಬೇರೆ ನಗರಗಳಿಗೆ ಹಬ್ಬಿತು. ಬೆಂಗಳೂರಿನಲ್ಲಿ ಕನ್ನಡ, ತಮಿಳು, ಇಂಗ್ಲಿಷ್‌ಗಳಲ್ಲಿ ಮೀಟಿಂಗುಗಳು ನಡೆಯುತ್ತವೆ, ಹೆಚ್ಚಾಗಿ ಶಾಲೆ ಅಥವಾ ಚರ್ಚಿನ ಬಿಡುವಾದ ಕೋಣೆಗಳಲ್ಲಿ. ಮಕ್ಕಳ ಬೆಂಚು, ಗೋಡೆಯಲ್ಲಿ ಕುಡಿತದಿಂದ ಹೊರಬರುವ ಹನ್ನೆರಡು ಹೆಜ್ಜೆಗಳ ಪಟ್ಟಿ, ಒಂದು ಸುತ್ತು ಚಹಾ. ಮಾತಾಡುವವನು ತನ್ನ ಮೊದಲ ಹೆಸರು ಹೇಳಿ, ತಾನು ಆಲ್ಕೊಹಾಲಿಕ್ ಎಂದು ಒಪ್ಪಿ, ಹೆಂಡತಿಯ ತಾಳಿ ಅಡವಿಟ್ಟದ್ದನ್ನೋ ಮಗಳ ಶಾಲೆಯಲ್ಲಿ ಮಾನ ಕಳೆದದ್ದನ್ನೋ ಹೇಳುತ್ತಾನೆ. ಯಾರೂ ನಡುವೆ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಬುದ್ಧಿ ಹೇಳಿಸಿಕೊಂಡೇ ಸಾಕಾಗಿ ಬಂದವನಿಗೆ ಇದು ಹೊಸ ಅನುಭವ. ಹೊಸಬನಿಗೆ ಹಳಬನೊಬ್ಬ ಸ್ಪಾನ್ಸರ್ ಆಗುತ್ತಾನೆ, ಕೈ ನಡುಗುವ ಸಂಜೆ ಫೋನ್ ಮಾಡಲು ಒಂದು ನಂಬರು ಸಿಗುತ್ತದೆ.

ಹಣದ ವಿಷಯದಲ್ಲಿ ಎಎ ಕಟ್ಟುನಿಟ್ಟು. ಶುಲ್ಕವಿಲ್ಲ, ಹೊರಗಿನ ದೇಣಿಗೆಯೂ ಬೇಡ. ಕೊನೆಯಲ್ಲಿ ಪೆಟ್ಟಿಗೆಯೊಂದು ಸುತ್ತು ಬರುತ್ತದೆ, ಇದ್ದವರು ಇದ್ದಷ್ಟು ಹಾಕುತ್ತಾರೆ. ಆಸ್ಪತ್ರೆ, ಸರ್ಕಾರ, ಕಂಪನಿ ಯಾರ ಹಂಗೂ ಇಲ್ಲದೆ ದಶಕಗಳ ಕಾಲ ನಡೆದ ನೆರವು ನಗರದಲ್ಲಿ ಇದೊಂದೇ ಇರಬಹುದು. ಕುಡುಕರ ಮನೆಯವರಿಗಾಗಿ 1951ರಲ್ಲಿ ಹುಟ್ಟಿದ ಅಲ್-ಅನಾನ್ ಕೂಡ ಇದೇ ನಿಯಮದ್ದು. ಕೊರತೆಗಳೂ ಇವೆ. ತನ್ನ ಕತೆಯನ್ನು ಹತ್ತು ಜನರೆದುರು ಹೇಳುವ ಧೈರ್ಯ, ಆ ಭಾಷೆಯ ಮೇಲೆ ಹಿಡಿತ, ವಾರದ ಸಂಜೆಗಳ ಬಿಡುವು ಎಲ್ಲರಿಗೂ ಇರುವುದಿಲ್ಲ. ರಾತ್ರಿ ಪಾಳಿಯವನಿಗೆ ಸಂಜೆ ಏಳರ ಮೀಟಿಂಗ್ ಇದ್ದೂ ಇಲ್ಲದಂತೆ.

ಕನ್ನಡದ ಹಳ್ಳಿಗಳಿಗೆ ಗುಂಪಿನ ಈ ವಿಧಾನವನ್ನು ಒಗ್ಗಿಸಿದ್ದು ಧರ್ಮಸ್ಥಳ. ಅದಕ್ಕೆ ಮೊದಲೇ, ಚೆನ್ನೈನಲ್ಲಿ ಶಾಂತಿ ರಂಗನಾಥನ್ ವ್ಯಸನ ಚಿಕಿತ್ಸೆಗೆಂದು 1980ರಲ್ಲಿ ಆರಂಭಿಸಿದ ಟಿ.ಟಿ. ರಂಗನಾಥನ್ ಪ್ರತಿಷ್ಠಾನ 1989ರಲ್ಲಿ ಮಂಜಕ್ಕುಡಿ ಎಂಬ ಹಳ್ಳಿಯಲ್ಲಿ ಶಿಬಿರ ನಡೆಸಿ, ಆಸ್ಪತ್ರೆಯಿಲ್ಲದ ಕಡೆಯೂ ಚಿಕಿತ್ಸೆ ಸಾಧ್ಯವೆಂದು ತೋರಿಸಿತ್ತು. ಧರ್ಮಸ್ಥಳದ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರು 1982ರಲ್ಲಿ ಶುರು ಮಾಡಿದ ಗ್ರಾಮಾಭಿವೃದ್ಧಿ ಯೋಜನೆಯ ಜತೆಗೆ 1990ರ ದಶಕದ ಆರಂಭದಲ್ಲಿ ಜನಜಾಗೃತಿ ವೇದಿಕೆ ಹುಟ್ಟಿತು, ಮದ್ಯವರ್ಜನ ಶಿಬಿರಗಳು ಬೆಳ್ತಂಗಡಿಯಿಂದ ಹೊರಟು ಬೆಂಗಳೂರಿನ ಸುತ್ತಲಿನ ಜಿಲ್ಲೆಗಳವರೆಗೂ ಬಂದವು. ಊರಿನವರೇ ವ್ಯವಸ್ಥಾಪನಾ ಸಮಿತಿ ಮಾಡಿಕೊಂಡು ಕಲ್ಯಾಣ ಮಂಟಪವನ್ನೋ ಶಾಲೆಯನ್ನೋ ಹಿಡಿಯುತ್ತಾರೆ. ಅಕ್ಕಿ, ತೆಂಗಿನಕಾಯಿ, ತರಕಾರಿ ದಾನವಾಗಿ ಬರುತ್ತವೆ. ಸುಮಾರು ಎಂಟು ದಿನ ಶಿಬಿರಾರ್ಥಿಗಳು ಅಲ್ಲೇ ಉಳಿಯುತ್ತಾರೆ. ಯೋಗ, ಭಜನೆ, ಗುಂಪು ಸಲಹೆ, ಮನೆಯವರನ್ನು ಕರೆಸಿ ಮುಖಾಮುಖಿ ಮಾತು. ಮೊದಲ ಮೂರು ನಾಲ್ಕು ದಿನ ಕಷ್ಟದವು. ವರ್ಷಗಟ್ಟಲೆ ಕುಡಿದ ದೇಹಕ್ಕೆ ಹಠಾತ್ತನೆ ಮದ್ಯ ತಪ್ಪಿದರೆ ಮೈ ನಡುಗುತ್ತದೆ, ಬೆವರುತ್ತದೆ, ಕೆಲವರಿಗೆ ಫಿಟ್ಸ್ ಬರುತ್ತದೆ, ಇಲ್ಲದ್ದು ಕಾಣುತ್ತದೆ, ಜೀವಕ್ಕೇ ಅಪಾಯವಾಗುವುದುಂಟು. ಆದ್ದರಿಂದಲೇ ವೈದ್ಯರ ನಿಗಾ ಇಲ್ಲದ ಶಿಬಿರವನ್ನು ತಜ್ಞರು ಒಪ್ಪುವುದಿಲ್ಲ.

ಶಿಬಿರಕ್ಕಿಂತ ಮುಖ್ಯವಾದದ್ದು ಅದರ ಆಚೆಗಿನ ನವಜೀವನ ಸಮಿತಿ. ಶಿಬಿರ ಮುಗಿಸಿದವರು ತಮ್ಮ ಊರಿನಲ್ಲಿ ಸೇರಿ ಸಭೆ ನಡೆಸುತ್ತಾರೆ, ಬಾರದವನ ಮನೆಗೆ ಹೋಗಿ ವಿಚಾರಿಸುತ್ತಾರೆ. ಎಎ ಹೆಸರು ಮರೆಮಾಡುತ್ತದೆ, ನವಜೀವನ ಸಮಿತಿಯವನು ಊರಿಗೆಲ್ಲ ಗೊತ್ತು. ಎಲ್ಲರೂ ಎಲ್ಲರನ್ನೂ ಬಲ್ಲ ಹಳ್ಳಿಯಲ್ಲಿ ಈ ಬಹಿರಂಗವೇ ಕಾವಲಾಗುತ್ತದೆ. ಬಾಡಿಗೆ ಕೋಣೆಗಳ ಪೀಣ್ಯದಲ್ಲೋ ಬೊಮ್ಮಸಂದ್ರದ ಬಳಿಯ ಹೆಬ್ಬಗೋಡಿಯಲ್ಲೋ ಪಕ್ಕದ ಮನೆಯವನೇ ಆರು ತಿಂಗಳಿಗೆ ಬದಲಾಗುವಾಗ ಅದು ಅಷ್ಟು ಸುಲಭವಾಗಿ ನಡೆಯದು.

1985ರ ಮಾದಕವಸ್ತು ಕಾಯ್ದೆಯ ಬೆನ್ನಿಗೇ ಕೇಂದ್ರದ ಅನುದಾನದಿಂದ ಸ್ವಯಂಸೇವಾ ಸಂಸ್ಥೆಗಳ ವ್ಯಸನಮುಕ್ತಿ ಕೇಂದ್ರಗಳು ಹುಟ್ಟಿದವು. ನಿಮ್ಹಾನ್ಸ್‌ನಲ್ಲಿ 1990ರ ದಶಕದ ಆರಂಭದಲ್ಲಿ ಪ್ರತ್ಯೇಕ ವ್ಯಸನಮುಕ್ತಿ ವಿಭಾಗ ಬಂತು. ದುಡಿಯುವ ಜಾಗಕ್ಕೇ ಚಿಕಿತ್ಸೆಯನ್ನು ಒಯ್ದದ್ದು ಕೆಎಸ್‌ಆರ್‌ಟಿಸಿ ಜತೆ ಅದು ನಡೆಸಿದ ಕಾರ್ಯಕ್ರಮ. ಕುಡಿತಕ್ಕೆ ಸಿಕ್ಕ ಚಾಲಕನನ್ನು ಅಮಾನತು ಮಾಡಿ ಕೈತೊಳೆದುಕೊಳ್ಳುವ ಬದಲು ಗುರುತಿಸಿ, ಚಿಕಿತ್ಸೆಗೆ ಕಳಿಸಿ, ಮತ್ತೆ ಕೆಲಸಕ್ಕೆ ಕೂರಿಸುವುದು ಅದರ ತಿರುಳು. ಅದನ್ನು ಕುರಿತ ಪುಸ್ತಕ 2009ರಲ್ಲಿ ಬಂತು. ಅದಕ್ಕೂ ಮೊದಲು, 2006ರಲ್ಲಿ, ಜಿ. ಗುರುರಾಜ್, ಎನ್. ಗಿರೀಶ್ ಮತ್ತು ವಿವೇಕ್ ಬೆನಗಲ್ ಅವರ ‘ಬೆಂಗಳೂರು ಅಧ್ಯಯನ’ವನ್ನು ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿತ್ತು. ಅಬಕಾರಿ ಆದಾಯವೇ ಖಜಾನೆಯ ಆಧಾರ ಎಂಬ ವಾದಕ್ಕೆ ಅದು ಕೊಟ್ಟ ಪೆಟ್ಟು ಸಣ್ಣದಲ್ಲ. ಅಪಘಾತ, ಕಾಯಿಲೆ, ಕಳೆದುಹೋದ ದುಡಿಮೆಯನ್ನೆಲ್ಲ ಕೂಡಿದರೆ ನಷ್ಟವೇ ಆದಾಯವನ್ನು ಮೀರಿಸುತ್ತದೆ ಎಂದು ಅದು ಲೆಕ್ಕ ಹಾಕಿ ತೋರಿಸಿತು. ಆದರೂ ಕೆಎಸ್‌ಆರ್‌ಟಿಸಿ ಮಾದರಿ ಪೀಣ್ಯದ ಶೆಡ್ಡುಗಳಿಗೆ ಇಳಿಯಲಿಲ್ಲ. ಡಿಪೋ, ಶ್ರೇಣಿ, ಸೇವಾ ಪುಸ್ತಕ ಇರುವಲ್ಲಿ ಅದು ನಡೆಯುತ್ತದೆ. ಗುತ್ತಿಗೆ ಕಾರ್ಮಿಕನಿಗೆ ಮರಳಿ ಕೂರಲು ಕುರ್ಚಿಯೇ ಇರುವುದಿಲ್ಲ.

ಹೆಂಗಸರ ಪಾಲಿಗೆ ನೆರವು ಬೇರೆ ಬಾಗಿಲಿನಿಂದ ಬಂತು. 1979ರಲ್ಲಿ ಹುಟ್ಟಿದ ‘ವಿಮೋಚನಾ’ ಮಹಿಳಾ ಸಂಘಟನೆ ವರದಕ್ಷಿಣೆ ಸಾವು, ಮನೆಯೊಳಗಿನ ಹಿಂಸೆಗಳನ್ನು ಬೀದಿಗೆ ತಂದು ಪ್ರಶ್ನಿಸಿತು. 1990ರ ದಶಕದ ಕೊನೆಗೆ ನಗರ ಪೊಲೀಸರ ಆಶ್ರಯದಲ್ಲಿ ವನಿತಾ ಸಹಾಯವಾಣಿ ಬಂತು, ಆಮೇಲೆ ರಾಜ್ಯ ಸರ್ಕಾರದ ‘ಸಾಂತ್ವನ’ ಯೋಜನೆ ತಾಲ್ಲೂಕುಗಳಿಗೆ ಹೋಯಿತು. ಪೀಣ್ಯ, ಬೊಮ್ಮನಹಳ್ಳಿಗಳ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುವ ಸಾವಿರಾರು ಹೆಂಗಸರಿಗೆ ಮನೆಯಲ್ಲಿ ಕುಡುಕ ಗಂಡ, ಲೈನಿನಲ್ಲಿ ಟಾರ್ಗೆಟ್ಟು. ಸಾಂತ್ವನ ಕೇಂದ್ರಕ್ಕೆ ಬಂದವಳು ‘ಗಂಡ ಹೊಡೆಯುತ್ತಾನೆ’ ಎನ್ನುತ್ತಾಳೆ, ಸಲಹೆಗಾರ್ತಿ ಕೇಳುತ್ತ ಹೋದಂತೆ ಕುಡಿತ, ಸಾಲ, ನಿದ್ದೆಗೆಟ್ಟ ರಾತ್ರಿಗಳು ಒಂದೊಂದಾಗಿ ಹೊರಬರುತ್ತವೆ. ಆಘಾತ ಒಂದು ಕಚೇರಿಗೆ, ವ್ಯಸನ ಇನ್ನೊಂದು ಕಚೇರಿಗೆ ಎಂದು ಹಂಚಿಕೊಂಡ ವ್ಯವಸ್ಥೆಗೆ ಇದು ಇಂದಿಗೂ ತೊಡಕು. ಗಂಡ ಹೆಂಡತಿ ಇಬ್ಬರಿಗೂ ಚಿಕಿತ್ಸೆ ಬೇಕು, ಇಬ್ಬರನ್ನೂ ಒಟ್ಟಿಗೆ ನೋಡುವವರು ಕಡಿಮೆ. ಸ್ತ್ರೀಶಕ್ತಿ ಸಂಘಗಳಲ್ಲಿ ಹಣದ ಲೆಕ್ಕ ಮುಗಿದ ಮೇಲೆ ನಡೆಯುವ ಮಾತುಕತೆಯೇ ಎಷ್ಟೋ ಹೆಂಗಸರಿಗೆ ಸಿಕ್ಕ ಏಕೈಕ ಸಲಹೆ.

ಇಡೀ ನಗರದಲ್ಲಿ ಸಲಹೆಯ ಬೆಲೆ ಇಳಿಸಿದವರು ಸ್ವಯಂಸೇವಕರು. 1964ರಲ್ಲಿ ವೈದ್ಯರೂ ಪಾದ್ರಿಗಳೂ ಸೇರಿ ಕಟ್ಟಿದ ಮೆಡಿಕೊ ಪಾಸ್ಟೊರಲ್ ಅಸೋಸಿಯೇಷನ್ ಈ ದಾರಿಯ ಹಿರಿಯ ಸಂಸ್ಥೆ. ಅದು ನಿಮ್ಹಾನ್ಸ್ ಮತ್ತು ರೋಟರಿ ಜತೆಗೂಡಿ ಆತ್ಮಹತ್ಯೆ ತಡೆಯಲು ‘ಸಹಾಯ್’ ಸಹಾಯವಾಣಿ ನಡೆಸಿತು. ಪರಿವರ್ತನ್, ಅಲಿ ಖ್ವಾಜಾ ಅವರ ಬಂಜಾರ ಅಕಾಡೆಮಿಗಳು ಗೃಹಿಣಿಯರಿಗೆ, ನಿವೃತ್ತರಿಗೆ, ಉದ್ಯೋಗಸ್ಥರಿಗೆ ಆಪ್ತಸಲಹೆಯ ತರಬೇತಿ ಕೊಟ್ಟವು. ಕನ್ನಡದಲ್ಲಿ ಈ ಕೆಲಸವನ್ನು ಮನೆಮಾತಾಗಿಸಿದವರು ಡಾ. ಸಿ.ಆರ್. ಚಂದ್ರಶೇಖರ್. ಸಕಲವಾರದ ದಿನಗಳಲ್ಲಿ ಹಳ್ಳಿಯವರಿಗೆ ವಿವರಿಸಿ ಪಳಗಿದ ಭಾಷೆಯಲ್ಲೇ ನೂರಕ್ಕೂ ಹೆಚ್ಚು ಪುಸ್ತಕ ಬರೆದರು. ಬನ್ನೇರುಘಟ್ಟ ರಸ್ತೆಯ ಅರೆಕೆರೆಯಲ್ಲಿ ‘ಸಮಾಧಾನ’ ಎಂಬ ಉಚಿತ ಆಪ್ತಸಲಹಾ ಕೇಂದ್ರ ನಡೆಸಿದರು, ನೂರಾರು ಜನರನ್ನು ಸಲಹೆಗಾರರಾಗಿ ತಯಾರು ಮಾಡಿದರು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಐಟಿ ಬಂದ ಮೇಲೆ ಹೊರವಲಯದ ಬೇಡಿಕೆ ಇಬ್ಭಾಗವಾಯಿತು. 1994ರಲ್ಲಿ ಇನ್ಫೊಸಿಸ್ ಎಲೆಕ್ಟ್ರಾನಿಕ್ ಸಿಟಿಗೆ ಬಂತು, ಆ ದಶಕದ ಕೊನೆಗೆ ವೈಟ್‌ಫೀಲ್ಡಿನಲ್ಲಿ ಟೆಕ್ ಪಾರ್ಕ್ ತೆರೆಯಿತು. ಕಂಪನಿಗಳು ತಮ್ಮ ನೌಕರರಿಗಾಗಿ ಖಾಸಗಿ ಸಲಹಾ ಸಂಸ್ಥೆಗಳೊಂದಿಗೆ ಒಪ್ಪಂದ ಮಾಡಿಕೊಂಡವು. ಅದೇ ಕಟ್ಟಡ ಗುಡಿಸುವ, ಕಾಯುವ, ಕ್ಯಾಬ್ ಓಡಿಸುವ ಗುತ್ತಿಗೆಯವರು ಸಾಮಾನ್ಯವಾಗಿ ಆ ಒಪ್ಪಂದದ ಹೊರಗೇ ಉಳಿದರು. ಹೊಸ ಚಟಗಳೂ ಬಂದವು. ಮೊಬೈಲು, ಆನ್‌ಲೈನ್ ಆಟಗಳ ಗೀಳಿಗೆಂದು 2014ರಲ್ಲಿ ನಿಮ್ಹಾನ್ಸ್ ‘ಷಟ್’ ಕ್ಲಿನಿಕ್ ಆರಂಭಿಸಿತು. ಅದು ನಡೆದದ್ದು ಬಿಟಿಎಂ ಬಡಾವಣೆಯ ಸಾಮಾನ್ಯ ಕಟ್ಟಡದಲ್ಲಿ. ಹೊಸೂರು ರಸ್ತೆಯ ಆ ದೊಡ್ಡ ಗೇಟು ದಾಟಲು ಸಂಕೋಚಪಡುವವರು ಅಲ್ಲಿಗೆ ಹೋಗುವರು ಎಂಬ ಎಣಿಕೆಯಲ್ಲಿ ಹುರುಳಿದೆ.

ಸರ್ಕಾರದ ಕಡೆಯಿಂದ 2014ರಲ್ಲಿ ‘ಮನೋಚೈತನ್ಯ’ ಬಂತು. ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು ಎಂಬುದು ಅದರ ಕ್ರಮ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಮದ್ಯವ್ಯಸನ ಇರುವವರಲ್ಲಿ ಶೇ 86ರಷ್ಟು ಮಂದಿಗೆ ಚಿಕಿತ್ಸೆ ಸಿಗುತ್ತಿಲ್ಲ ಎಂದಿತು. ಆ ಖಾಲಿ ಜಾಗದಲ್ಲಿ ಬ್ಯಾನರು, ಗೋಡೆ ಬರಹಗಳ ವ್ಯಾಪಾರ ನಡೆಯುತ್ತದೆ. ಕುಡಿಯುವವನಿಗೆ ಗೊತ್ತಾಗದಂತೆ ಸಾರಿನಲ್ಲಿ ಬೆರೆಸುವ ಪುಡಿಯ ಜಾಹೀರಾತು ಪೀಣ್ಯದ ಗೋಡೆಗಳಿಗೆ ಹೊಸದಲ್ಲ. ಡೈಸಲ್ಫಿರಾಮ್‌ನಂಥ ಔಷಧಿ ಹೊಟ್ಟೆಯಲ್ಲಿರುವುದು ತಿಳಿಯದೆ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. ವ್ಯಸನವನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ತಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಂದು ಜಾರಿಯಾಯಿತು. ಅಂದಿನಿಂದ ಖಾಸಗಿ ವ್ಯಸನಮುಕ್ತಿ ಕೇಂದ್ರಗಳೂ ನೋಂದಾಯಿಸಿಕೊಳ್ಳಬೇಕು. ಕೂಡಿಹಾಕುವುದನ್ನೇ ಚಿಕಿತ್ಸೆ ಎಂದು ಮಾರುವವರಿಗೆ ಕಾನೂನಿನ ಕಡಿವಾಣ ಸಿಕ್ಕಿದ್ದು ಆಗ.

2020ರ ಲಾಕ್‌ಡೌನ್ ಈ ಎಲ್ಲ ಏರ್ಪಾಡುಗಳನ್ನೂ ಒಮ್ಮೆಗೇ ಪರೀಕ್ಷಿಸಿತು. ಮದ್ಯದಂಗಡಿ ಮುಚ್ಚಿದ ಕೆಲವೇ ದಿನಗಳಲ್ಲಿ ಬೆಂಗಳೂರಿನ ಆಸ್ಪತ್ರೆಗಳಿಗೆ ಕುಡಿತ ಹಠಾತ್ತನೆ ತಪ್ಪಿದ್ದರಿಂದಾದ ತೀವ್ರ ಲಕ್ಷಣಗಳೊಂದಿಗೆ ಬಂದವರ ಸಂಖ್ಯೆ ಸುಮಾರು ದುಪ್ಪಟ್ಟಾಯಿತು. ಎಎ ಮೀಟಿಂಗುಗಳು ಫೋನಿಗೆ, ಜೂಮ್‌ಗೆ ಹೋದವು. ಮೇ 4ರಂದು ಅಂಗಡಿ ತೆರೆದಾಗ ನಿಂತ ಸಾಲುಗಳನ್ನು ಇಡೀ ದೇಶ ನೋಡಿತು. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಬಂತು, 14416ಕ್ಕೆ ಕರೆ ಉಚಿತ. ನಿಮ್ಹಾನ್ಸ್ ಅದರ ಕೇಂದ್ರ, ತಾಂತ್ರಿಕ ನೆರವು ಎಲೆಕ್ಟ್ರಾನಿಕ್ ಸಿಟಿಯಲ್ಲೇ ಇರುವ ಐಐಐಟಿಯದು. ಹಲವು ಭಾಷೆಗಳಲ್ಲಿ ಉತ್ತರಿಸುವ ಈ ವ್ಯವಸ್ಥೆ ಒಡಿಶಾ, ಬಿಹಾರ, ಅಸ್ಸಾಮುಗಳಿಂದ ಬಂದ ಕಾರ್ಮಿಕರಿಗೆ ಕನ್ನಡದ ಗುಂಪು ಕೊಡಲಾಗದ್ದನ್ನು ಕೊಡುತ್ತದೆ. ಆದರೆ ಎದುರು ಕೂತು ಕೇಳುವ ಹತ್ತು ಜನರನ್ನು ಫೋನು ಕೊಡಲಾರದು. ಮೆಟ್ರೊ 2014ರಲ್ಲಿ ಪೀಣ್ಯಕ್ಕೂ 2023ರಲ್ಲಿ ವೈಟ್‌ಫೀಲ್ಡಿಗೂ 2025ರಲ್ಲಿ ಎಲೆಕ್ಟ್ರಾನಿಕ್ ಸಿಟಿ ಮೂಲಕ ಬೊಮ್ಮಸಂದ್ರಕ್ಕೂ ತಲುಪಿ ನಗರದ ಒಳಗಿನ ಕೇಂದ್ರಗಳ ದೂರವನ್ನು ತಗ್ಗಿಸಿದೆ. ಪಾಳಿ ಬಿಡುವ ಹೊತ್ತಿಗೆ, ಕಾರ್ಖಾನೆಯ ಹತ್ತಿರದಲ್ಲೇ, ದುಡಿಯುವವರ ಭಾಷೆಯಲ್ಲಿ ನಡೆಯುವ ಗುಂಪುಗಳು ಮಾತ್ರ ಈ ಮೂರೂ ವಲಯಗಳಲ್ಲಿ ಇನ್ನೂ ವಿರಳ.